ಬುದ್ಧನು ಕಾಣದ ಎತ್ತರದಲ್ಲಿ

ಯಾದಗಿರಿಯ ಕೋಟೆಯನ್ನೇರಿ ನಿಂತವನಿಗೆ ಸುತ್ತಣ ಸೀಮೆಯು ಹಾಸಿಟ್ಟ ನಕ್ಷೆಯಂತೆ ತೋರುತ್ತದೆ. ಬುಡದಲ್ಲಿ ಊರು, ಅದರ ಮಗ್ಗುಲಲ್ಲಿ ಮುಂಬಯಿಯಿಂದ ಚೆನ್ನೈಗೆ ಸಾಗುವ ರೈಲು ಹಾದಿ, ಆಚೆಗೆ ಕೃಷ್ಣೆಯನ್ನು ಕೂಡಲು ತೆಂಕಣಕ್ಕೆ ಹೊರಟ ಭೀಮಾ ನದಿ. ವಿಮಾನಚಾಲನೆಯನ್ನು ಕಲಿಯತೊಡಗಿದವನ ಮೊದಲ ಪಾಠಗಳೂ ಇಂಥವೇ. ನದಿಯ ತಿರುವು, ರೈಲಿನ ಕಂಬಿ, ಒಂಟಿ ಗುಡ್ಡ, ಕೆರೆಯ ಏರಿ—ಇವನ್ನು ಗುರುತಿಟ್ಟುಕೊಂಡೇ ಅವನು ಆಕಾಶದಲ್ಲಿ ದಾರಿ ಕಂಡುಕೊಳ್ಳುತ್ತಾನೆ.

ಭೀಮೆಯ ಸೇತುವೆಯನ್ನು ದಾಟಿ ಶಹಾಪುರದ ಕಡೆಗೆ ನಡೆದರೆ ಬೆಟ್ಟಗಳ ಸಾಲು ಎದುರಾಗುತ್ತದೆ. ರಸ್ತೆಯ ಒಂದು ನೆಲೆಯಿಂದ ನೋಡಿದಾಗ ಆ ಸಾಲಿನಲ್ಲಿ ಹಣೆ, ಮೂಗು, ಗಲ್ಲ, ಎದೆ ಎಲ್ಲವೂ ಮೂಡಿ, ಬುದ್ಧನೇ ಅಂಗಾತ ಮಲಗಿರುವಂತೆ ಕಾಣುತ್ತದೆ. ನಾಲ್ಕು ಹೆಜ್ಜೆ ಅತ್ತಿತ್ತ ಸರಿದರೆ ರೂಪವು ಕದಡಿ ಬರಿಯ ಬಂಡೆಗಳುಳಿಯುತ್ತವೆ. ಮೇಲಿನಿಂದ ಹಾರಿಹೋಗುವವನಿಗಂತೂ ಅಲ್ಲಿ ಬುದ್ಧನಿಲ್ಲ.

ಕಣ್ಣು ಹೀಗೆ ನೆಲೆಯನ್ನು ನಂಬಿ ಬದುಕುವಂಥದು. ಬೇಸಗೆಯ ಧೂಳು ದಿಗಂತವನ್ನು ನುಂಗಿದಾಗ, ಮುಂಗಾರಿನ ಮೋಡವು ಗುಡ್ಡದ ನೆತ್ತಿಗಿಳಿದಾಗ, ನದಿಯೂ ಇಲ್ಲ, ರೈಲು ಹಾದಿಯೂ ಇಲ್ಲ. ಮೋಡದೊಳಗೆ ಹೊಕ್ಕ ಚಾಲಕನಿಗೆ ತನ್ನ ಶರೀರವೇ ಸುಳ್ಳು ಹೇಳುತ್ತದೆ. ವಿಮಾನವು ಮೆಲ್ಲಗೆ ಒಂದು ಪಕ್ಕಕ್ಕೆ ವಾಲಿ ತಿರುಗುತ್ತಿದ್ದರೂ ಕಿವಿಯೊಳಗಿನ ಸಮತೋಲದ ಅಂಗವು ಅದನ್ನರಿಯದೆ, ನೆಟ್ಟಗೆ ಹೋಗುತ್ತಿದ್ದೇವೆಂದೇ ಸಾಧಿಸುತ್ತದೆ. ಆಗ ನಂಬತಕ್ಕದ್ದು ಎದುರಿನ ಉಪಕರಣಗಳನ್ನು ಮಾತ್ರ: ಕೃತಕ ದಿಗಂತ, ಎತ್ತರದ ಮಾಪಕ, ದಿಕ್ಸೂಚಿ. ಮೈಯ ಮಾತನ್ನು ಮೀರಿ ಮುಳ್ಳಿನ ಮಾತನ್ನು ಕೇಳುವ ಈ ವಿದ್ಯೆಗೆ ಪ್ರತ್ಯೇಕವಾದ ಅರ್ಹತೆಯೇ ಉಂಟು. ಅದನ್ನು ಇನ್‌ಸ್ಟ್ರುಮೆಂಟ್ ರೇಟಿಂಗ್ ಎನ್ನುತ್ತಾರೆ. ಅಂತರರಾಷ್ಟ್ರೀಯ ನಿಯಮದಂತೆ ಅದಕ್ಕೆ ಉಪಕರಣಗಳನ್ನೇ ನೆಚ್ಚಿದ 40 ಗಂಟೆಗಳ ಅಭ್ಯಾಸ ಬೇಕು. ಅದರಲ್ಲೊಂದು ಪಾಲನ್ನು ನೆಲದ ಮೇಲಿನ ಅನುಕರಣ ಯಂತ್ರದಲ್ಲಿ ಮುಗಿಸಬಹುದು.

ಈ ಸೀಮೆಯ ಹುಡುಗನೊಬ್ಬನು ನೀರಾವರಿ ಹೊಲವನ್ನು ಒತ್ತೆಯಿಟ್ಟ ಹಣದಲ್ಲಿ ಅಮೆರಿಕೆಗೆ ಹೋಗಿ ಆ ಅರ್ಹತೆಯನ್ನು ಪಡೆದು ಬಂದನೆಂದಿಟ್ಟುಕೊಳ್ಳಿ. ಊರಿನವರಿಗೆ ಅವನು ಆಗಲೇ ಪೈಲಟ್ ಸಾಹೇಬ. ಆದರೆ 1944ರ ಡಿಸೆಂಬರ್ 7ರಂದು ಷಿಕಾಗೋದಲ್ಲಿ ಸಹಿಯಾದ ವಿಮಾನಯಾನ ಒಪ್ಪಂದವು ಬೇರೆಯದೇ ಲೆಕ್ಕ ಹೇಳುತ್ತದೆ. ವಿಮಾನವು ಯಾವ ದೇಶದಲ್ಲಿ ನೋಂದಣಿಯಾಗಿದೆಯೋ ಆ ದೇಶವು ಕೊಟ್ಟ ಪರವಾನೆಯನ್ನು, ಗೊತ್ತುಮಾಡಿದ ಮಟ್ಟಕ್ಕೆ ಕಡಿಮೆಯಿಲ್ಲದಿದ್ದರೆ, ಉಳಿದ ದೇಶಗಳು ಮನ್ನಿಸಬೇಕೆಂದು ಅದರ 33ನೆಯ ವಿಧಿ. ಆದಕಾರಣ ಅಮೆರಿಕದ ವಿಮಾನವನ್ನು ಅಮೆರಿಕದ ಪರವಾನೆಯವನು ಯಾದಗಿರಿಯ ಮೇಲೆ ಹಾರಿಸಿಕೊಂಡು ಹೋಗಲು ಅಡ್ಡಿಯಿಲ್ಲ. ಅದೇ ಪರವಾನೆಯನ್ನು ಕಿಸೆಯಲ್ಲಿಟ್ಟುಕೊಂಡ ಯಾದಗಿರಿಯ ಹುಡುಗನು ಮಾತ್ರ ಅದೊಂದರ ಬಲದಿಂದ ಭಾರತದ ವಿಮಾನದಲ್ಲಿ ಚಾಲಕನಾಗಿ ಕೂಡುವಂತಿಲ್ಲ. ತನ್ನ ಪ್ರಜೆಗೆ ಅನ್ಯದೇಶವು ಕೊಟ್ಟ ಪರವಾನೆಯನ್ನು ತನ್ನ ನೆಲದ ಮೇಲಣ ಹಾರಾಟಕ್ಕೆ ಒಪ್ಪದಿರುವ ಹಕ್ಕನ್ನು 32ನೆಯ ವಿಧಿಯು ಪ್ರತಿ ದೇಶಕ್ಕೂ ಉಳಿಸಿಕೊಟ್ಟಿದೆ.

ಹೀಗಾಗಿ ಅವನು ದಿಲ್ಲಿಯ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಬಾಗಿಲಿಗೆ ಹೋಗಬೇಕು. ವಿಮಾನ ನಿಯಮಗಳು, ಪಥನಿರ್ಣಯ, ಹವಾಶಾಸ್ತ್ರ—ಇವುಗಳ ಪರೀಕ್ಷೆ, ವೈದ್ಯ ತಪಾಸಣೆ, ಪರವಾನೆಯು ನಿಜವೆಂದು ಕೊಟ್ಟ ದೇಶದಿಂದಲೇ ಬರಬೇಕಾದ ಉತ್ತರ. ದೇಶದ ಕಾನೂನನ್ನೂ ಮುಂಗಾರಿನ ಸ್ವಭಾವವನ್ನೂ ಅರಿಯದವನ ಕೈಗೆ ನೂರಾರು ಜೀವಗಳನ್ನು ಒಪ್ಪಿಸಲಾಗದೆಂಬುದು ನ್ಯಾಯವೇ. ಆದರೆ ಮುಳ್ಳನ್ನು ಓದುವ ವಿದ್ಯೆಗೆ ದೇಶಭೇದವೆಲ್ಲಿಯದು? ಕಾಗದಗಳು ಮೇಜಿನಿಂದ ಮೇಜಿಗೆ ನಡೆಯುವಷ್ಟರಲ್ಲಿ ಕಲಿತ ಕೈ ಜಡ್ಡುಗಟ್ಟುತ್ತದೆ. ಹಾರಾಟದ ಅನುಭವವು ಇತ್ತೀಚಿನದಾಗಿರಬೇಕೆಂಬ ನಿಯಮವಿರುವುದರಿಂದ ಮತ್ತೆ ಹಣ ತೆತ್ತು ಹಾರಬೇಕಾಗಿ ಬರುವುದುಂಟು. ಹೊಲದ ಬಡ್ಡಿಯಂತೂ ಯಾವ ಕಚೇರಿಗಾಗಿಯೂ ಕಾಯುವುದಿಲ್ಲ.

ಪರದೇಶದ ಯೋಗ್ಯತೆಯನ್ನು ಅಳೆಯುವ ಪ್ರಶ್ನೆ ಸುರಪುರಕ್ಕೆ ಹೊಸದಲ್ಲ. ಅಲ್ಲಿಯ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯಿದೆ. ಅದರ ಒಡೆಯ ಮೆಡೋಸ್ ಟೇಲರನು 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿ, ಎಳೆಯ ಹುಡುಗನಾಗಿದ್ದಾಗಲೇ ಮುಂಬಯಿಯ ವ್ಯಾಪಾರಿಯೊಬ್ಬನ ಮಳಿಗೆಗೆಂದು ಬಂದವನು. ಅಲ್ಲಿ ನೆಲೆ ನಿಲ್ಲದೆ ನಿಜಾಮನ ಸೇವೆಗೆ ಸೇರಿದನು. ಭಾಷೆಗಳನ್ನೂ ಕಾನೂನನ್ನೂ ಸ್ವಂತ ಪರಿಶ್ರಮದಿಂದ ಕಲಿತ ಅವನಿಗೆ 1841ರಿಂದ 1853ರವರೆಗೆ ಈ ಸಂಸ್ಥಾನದ ಆಡಳಿತವೂ ಬಾಲರಾಜ ವೆಂಕಟಪ್ಪನಾಯಕನ ಪಾಲನೆಯೂ ಒಪ್ಪಿಸಲ್ಪಟ್ಟವು. ಕೆಲಸವೇ ಅವನ ಪರೀಕ್ಷೆ, ಕೆಲಸವೇ ಪರವಾನೆ. ಬೆಳೆದ ರಾಜನು ಬ್ರಿಟಿಷರ ವಿರುದ್ಧ ಬಂಡೆದ್ದು 1858ರಲ್ಲಿ ಮಡಿದ ಕಥೆಯನ್ನು ಸುರಪುರದವರು ಇಂದಿಗೂ ಮರೆತಿಲ್ಲ. ಅಂಥ ಪರೀಕ್ಷೆಯು ಬಂಗಲೆ ಕಟ್ಟುವವನಿಗೆ ಸಂದೀತು. ಪ್ರಯಾಣಿಕರು ತುಂಬಿದ ವಿಮಾನದಲ್ಲಿ ನಡೆಸುವಂಥದಲ್ಲ.

ಈಚೆಗೆ ದಾರಿಯೊಂದು ಹತ್ತಿರವಾಗಿದೆ. 2019ರ ನವೆಂಬರ್ 22ರಂದು ಕಲಬುರಗಿಯ ವಿಮಾನ ನಿಲ್ದಾಣ ತೆರೆಯಿತು. 2021ರಲ್ಲಿ ಹಾರಾಟದ ಶಾಲೆಗಳಿಗೆಂದು ದೇಶದಲ್ಲಿ ಆರಿಸಿದ ಐದು ನಿಲ್ದಾಣಗಳಲ್ಲಿ ಅದೂ ಒಂದು, ಬೆಳಗಾವಿ ಮತ್ತೊಂದು. ಅಲ್ಲಿ ಕಲಿತವನ ಪರವಾನೆ ಮೊದಲಿನಿಂದಲೇ ಭಾರತದ್ದು. ಕಲಬುರಗಿಯಿಂದ ಯಾದಗಿರಿಯ ಕೋಟೆಯು ಸಣ್ಣ ತರಬೇತಿ ವಿಮಾನಕ್ಕೆ ಅರ್ಧ ಗಂಟೆಯೊಳಗಿನ ದಾರಿ; ಆಕಾಶ ತಿಳಿಯಾಗಿದ್ದರೆ ಭೀಮೆಯ ತಿರುವೇ ಗುರುತು.