ಹೆಸರು ಹೇಳಿದಾಕ್ಷಣ ನಂಬೋದಾ?

ಇನ್‌ಲ್ಯಾಂಡ್ ಲೆಟರ್ ಕಾಲದಲ್ಲಿ 'ಇಂದ' ಅನ್ನೋ ಕಡೆ ಯಾರ ಹೆಸರು ಬೇಕಾದರೂ ಬರೆಯಬಹುದಿತ್ತು. ಆದರೆ ಅಂಚೆ ಕಚೇರಿಯ ಮುದ್ರೆ ಮಾತ್ರ ಬರೆದವರ ಕೈಯಲ್ಲಿರಲಿಲ್ಲ. ಇ-ಮೇಲ್ ಕಥೆಯೂ ಅಷ್ಟೇ.

ಬಸವೇಶ್ವರನಗರದ ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿರುವ ಹುಡುಗಿಗೆ ಮೊನ್ನೆ ಆಫರ್ ಲೆಟರ್ ಮೇಲ್ ಬಂತು. ದೊಡ್ಡ ಕಂಪನಿ ಹೆಸರು, ಒಳ್ಳೆ ಸಂಬಳ. ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ಸಂಜೆಯೊಳಗೆ 18,000 ರೂಪಾಯಿ ಕಟ್ಟಬೇಕು. ಊರಲ್ಲಿ ಅವಳ ಅಪ್ಪ ದುಡ್ಡು ಹೊಂದಿಸೋಕೆ ಓಡಾಡ್ತಿದ್ದರು. "ಕಂಪನಿ ಐಡಿಯಿಂದಲೇ ಬಂದಿದೆ ಅಕ್ಕಾ" ಅಂದಳು.

"ಸ್ವಲ್ಪ ತಾಳು" ಅಂತ ಲ್ಯಾಪ್‌ಟಾಪ್‌ನಲ್ಲಿ ಜಿಮೇಲ್ ತೆರೆಸಿದೆ. ಮೇಲ್ ಪಕ್ಕದ ಮೂರು ಚುಕ್ಕಿ ಒತ್ತಿ 'ಶೋ ಒರಿಜಿನಲ್' ಅಂದರೆ ಅದರ ಹೆಡರ್ ಕಾಣುತ್ತೆ. ಅದರಲ್ಲಿ 'ಫ್ರಮ್' ಅನ್ನೋದು ಕಳಿಸಿದವರೇ ಬರೆದುಕೊಂಡದ್ದು. ಯಾವ ಸಾಫ್ಟ್‌ವೇರ್‌ನಿಂದ ಬಂತು ಅಂತ ಹೇಳುವ 'ಎಕ್ಸ್-ಮೇಲರ್' ಸಾಲೂ ಹಾಗೇ, ಸ್ವಂತ ಹೇಳಿಕೆ.

ಬ್ರೌಸರ್‌ಗಳಂತೂ ಮೊದಲಿನಿಂದಲೂ ಪರರ ಹೆಸರು ಹೇಳಿಕೊಂಡೇ ಬಂದಿವೆ. 1994ರ ನೆಟ್‌ಸ್ಕೇಪ್ ತನ್ನನ್ನು 'ಮೊಜಿಲ್ಲಾ' ಅಂತ ಪರಿಚಯಿಸಿಕೊಳ್ತಿತ್ತು. ಕೆಲವು ವೆಬ್‌ಸೈಟ್‌ಗಳು ಚೆಂದದ ಪುಟಗಳನ್ನು ಮೊಜಿಲ್ಲಾಗೆ ಮಾತ್ರ ಕೊಡ್ತಿದ್ದವು. 1995ರಲ್ಲಿ ಬಂದ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಅಂದಿತು. ನಿಮ್ಮ ಫೋನಿನ ಕ್ರೋಮ್ ಇವತ್ತಿಗೂ 'ಮೊಜಿಲ್ಲಾ/5.0' ಅಂತಲೇ ಶುರು ಮಾಡಿ, ಕೊನೆಗೆ 'ಸಫಾರಿ' ಅಂತ ಮುಗಿಸುತ್ತೆ! ಪುಟ ಸರಿಯಾಗಿ ಸಿಗಲಿ ಅನ್ನೋ ಈ ಸುಳ್ಳಿನಿಂದ ಯಾರಿಗೂ ನಷ್ಟವಿಲ್ಲ. ಮೇಲ್‌ನಲ್ಲಿ ಹಾಗಲ್ಲ.

ಅದಕ್ಕೇ ನೋಡಬೇಕಾದ್ದು ಮುದ್ರೆಯನ್ನು. ಮೇಲ್ ತಲುಪಿದಾಗ ಜಿಮೇಲ್ ತಾನೇ ಪರೀಕ್ಷಿಸಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಫಲಿತಾಂಶ ಬರೆಯುತ್ತೆ. ಅವಳ ಮೇಲ್‌ನಲ್ಲಿ ಡಿಮಾರ್ಕ್ ಎದುರು 'ಫೇಲ್' ಅಂತಿತ್ತು. ಅಂದರೆ, ಇದು ನಿಜವಾಗಿ ಆ ಕಂಪನಿ ಕಳಿಸಿದ್ದು ಅನ್ನೋದಕ್ಕೆ ಖಾತ್ರಿ ಇಲ್ಲ. ಕಂಪನಿಯ ವೆಬ್‌ಸೈಟ್‌ನಲ್ಲಿದ್ದ ನಂಬರ್‌ಗೆ ಫೋನ್ ಮಾಡಿದಳು. ಅಂಥ ಕೆಲಸವೇ ಇಲ್ಲ ಅಂದರು. ಅಪ್ಪನ ದುಡ್ಡು ಉಳೀತು.

ಒಂದು ಎಚ್ಚರಿಕೆ: 'ಪಾಸ್' ಅಂದ ಮಾತ್ರಕ್ಕೆ ಸಾಚಾ ಅಲ್ಲ. ಒಂದಕ್ಷರ ಬದಲಿಸಿದ ನಕಲಿ ಡೊಮೈನ್ ಕೂಡ ಪಾಸ್ ಆಗುತ್ತೆ. ಹಾಗಾಗಿ ವಿಳಾಸದ ಒಂದೊಂದು ಅಕ್ಷರ ಓದಿ. ಕೆಲಸ ಕೊಡೋರು ದುಡ್ಡು ಕೇಳಿದರೆ ಅಲ್ಲೇ ನಿಲ್ಲಿ. ಈಗಾಗಲೇ ದುಡ್ಡು ಹೋಗಿದ್ದರೆ ನಾಚಿಕೊಳ್ಳದೆ ತಕ್ಷಣ 1930ಕ್ಕೆ ಫೋನ್ ಮಾಡಿ.