ಬ್ಯಾರನ್ನಿನ ಮುಂದೆ ‘ಬೆಳ್ಳಿಮೋಡ’

ಸಂಜೆಯಾದರೆ ನಾನು ಪುಸ್ತಕ ಹಿಡಿಯುತ್ತೇನೆ. ಮೊಮ್ಮಗಳು ದೂರದರ್ಶನದ ಮುಂದೆ ಕೂರುತ್ತಾಳೆ. ಮೊನ್ನೆ ‘ಬೆಳ್ಳಿಮೋಡ’ ಚಿತ್ರ ಬಂದಾಗ ನಾನೂ ಪುಸ್ತಕ ಮಡಿಸಿ ಅವಳ ಪಕ್ಕದಲ್ಲಿ ಕುಳಿತೆ. ಆದರೆ ಚಿತ್ರಕ್ಕಿಂತ ಹೆಚ್ಚಾಗಿ ಹಳೆಯದೊಂದು ರಾತ್ರಿಯೇ ನನ್ನ ಕಣ್ಣ ಮುಂದಿತ್ತು.

ತ್ರಿವೇಣಿಯವರ ಕಾದಂಬರಿಯನ್ನು 1967ರಲ್ಲಿ ತೆರೆಗೆ ತಂದ ಪುಟ್ಟಣ್ಣ ಕಣಗಾಲ್ ನಮ್ಮ ಪಿರಿಯಾಪಟ್ಟಣ ತಾಲ್ಲೂಕಿನವರು. ಅವ್ವ ಆ ಚಿತ್ರವನ್ನು ಟೆಂಟಿನಲ್ಲಿ ನೋಡಿ ಬಂದು ವರ್ಷಗಟ್ಟಲೆ ನೆನೆಯುತ್ತಿದ್ದಳು. ಅವಳಿಗೆ ಅಕ್ಷರ ಬಾರದು. ಶಾಲೆಯಿಂದ ಕಾದಂಬರಿ ತಂದ ನಾನು, “ಪುಸ್ತಕದಲ್ಲಿ ಇನ್ನೂ ಎಷ್ಟೋ ಇದೆ” ಎಂದು ಜಂಭದಿಂದ ನುಡಿದೆ.

“ಹಾಗಾದರೆ ಓದು ಮಗ” ಎಂದಳು.

ಅದು 1975ರ ಮಳೆಗಾಲ. ಹೊಗೆಸೊಪ್ಪನ್ನು ಹದಗೊಳಿಸುವ ಬ್ಯಾರನ್ನಿನ ಒಲೆಗೆ ಹಗಲಿರುಳೂ ಸೌದೆ ಹಾಕುತ್ತಿರಬೇಕು. ಕಾವು ಇಳಿದರೆ ಎಲೆಯ ಹೊಂಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ಬೆಲೆಯಿಲ್ಲ. ಆ ರಾತ್ರಿಯ ಸರದಿ ನಮ್ಮಿಬ್ಬರದು. ಅಪ್ಪ ಪಕ್ಕದಲ್ಲೇ ಕಂಬಳಿ ಹೊದ್ದು ಮಲಗಿದ್ದರು. ಒಲೆಯ ಬೆಳಕಿನಲ್ಲಿ ಓದುತ್ತ ಹೋದೆ. ಇಂದಿರೆಗೆ ತಮ್ಮ ಹುಟ್ಟಿ ಆಸ್ತಿ ಕೈತಪ್ಪಿತೆಂದು, ಗೊತ್ತಾಗಿದ್ದ ಗಂಡು ಅವಳನ್ನು ತೊರೆದಾಗ, ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಕ್ಷರಗಳು ಮಸುಕಾದಾಗಲೇ ನಮಗೆ ಒಲೆಯ ನೆನಪಾದದ್ದು!

ಸೊಪ್ಪು ಕಂದಿತ್ತು. ಅಪ್ಪ ಕಿಡಿಕಿಡಿಯಾದರು. “ನಾನೇ ತೂಕಡಿಸಿಬಿಟ್ಟೆ” ಎಂದು ಅವ್ವ ತಪ್ಪನ್ನು ತನ್ನ ಮೇಲೆ ಹೊತ್ತುಕೊಂಡಳು. ನಾನು ಬಾಯಿ ಬಿಡಲಿಲ್ಲ. ಆ ವರ್ಷ ಹಬ್ಬಕ್ಕೆ ಅವಳಿಗೆ ಸೀರೆ ಬರಲಿಲ್ಲ.

ಎರಡು ದಿನ ಮಾತಾಡದಿದ್ದ ಅಪ್ಪ ಮೂರನೆಯ ರಾತ್ರಿ ಒಲೆಗೆ ಸೌದೆ ತಳ್ಳುತ್ತ, ನನ್ನತ್ತ ನೋಡದೆಯೇ ಕೇಳಿದರು: “ಆ ಹೆಣ್ಣು ಕೊನೆಗೆ ಅವನನ್ನೇ ಕಟ್ಟಿಕೊಂಡಳೇನೋ?”