ತಳದ ಗಸಿ

ಬೆಣ್ಣೆ ಕಾಸಿದ ದಿನ ಪಾತ್ರೆಯ ತಳದ ಗಸಿಗೆ ನಮ್ಮ ಮನೆಯ ಮಕ್ಕಳೆಲ್ಲ ಕಾದು ಕೂರುತ್ತಿದ್ದೆವು. ತುಪ್ಪ ಡಬ್ಬಿ ಸೇರಿದ ಮೇಲೆ ಅಜ್ಜಿ ಅದಕ್ಕೆ ಬೆಲ್ಲ ಕಲಸಿ ಒಬ್ಬೊಬ್ಬರ ಅಂಗೈಗೂ ಒಂದೊಂದು ಉಂಡೆ ಇಡುತ್ತಿದ್ದರು. ಜೂಡಿತ್ ಗ್ರಹಾಂ ಪೂಲ್ ಅವರ ವಿಷಯ ಓದಿದಾಗಲೆಲ್ಲ ನನಗೆ ಆ ಪಾತ್ರೆ ನೆನಪಾಗುತ್ತದೆ.

ಪೂಲ್ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ, ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಕಾಯಿಲೆಯ ಹಿಂದೆ ಬಿದ್ದಿದ್ದ ವಿಜ್ಞಾನಿ. ನಮ್ಮ ಪತ್ರಿಕೆಗಳು ಈ ಕಾಯಿಲೆಯನ್ನು ಕುಸುಮರೋಗ ಎನ್ನುತ್ತವೆ. ಹೆಸರೇನೋ ಹೂವಿನಷ್ಟು ಮೆತ್ತಗಿದೆ. ಮಂಡಿಯೊಳಗೆ ರಕ್ತ ತುಂಬಿಕೊಂಡ ಹುಡುಗ ಕಳೆಯುವ ರಾತ್ರಿ ಹಾಗಿರುವುದಿಲ್ಲ. ‘ರಾಜರ ರೋಗ’ ಎಂಬ ಇನ್ನೊಂದು ಹೆಸರು ನನಗೆ ಒಪ್ಪಿಗೆಯೇ ಇಲ್ಲ. ವಿಕ್ಟೋರಿಯಾ ರಾಣಿಯ ಮಗ ಲಿಯೋಪೋಲ್ಡ್ 1884ರಲ್ಲಿ ಕಾನ್ ಪಟ್ಟಣದಲ್ಲಿ ಜಾರಿ ಬಿದ್ದು 30ನೇ ವಯಸ್ಸಿಗೇ ತೀರಿಕೊಂಡದ್ದು ನಿಜ. ಆದರೆ ಯಾವ ಅರಮನೆಯೂ ಕಾಣದ ಮನೆಗಳಿಗೆ ಈ ಸಂಕಟ ಅದಕ್ಕೂ ಬಹಳ ಹಿಂದೆ ಗೊತ್ತಿತ್ತು. ಸುನ್ನತಿಯಿಂದ ಇಬ್ಬರು ಅಣ್ಣಂದಿರು ಸತ್ತಿದ್ದರೆ ಮೂರನೆಯ ಮಗುವಿಗೆ ಅದು ಬೇಡವೆಂದು ಯಹೂದಿಗಳ ತಾಲ್ಮುದ್ ಹೇಳುತ್ತದೆ. ಹೆಣ್ಣಿನ ಮೂಲಕ ಹರಿದು ಗಂಡುಮಕ್ಕಳನ್ನು ಕಾಡುವ ಅದರ ದಾರಿಯನ್ನು ಫಿಲಡೆಲ್ಫಿಯಾದ ವೈದ್ಯ ಜಾನ್ ಆಟೊ 1803ರಲ್ಲಿ ಬರೆದಿಟ್ಟ.

ದಾರಿ ತಿಳಿದರೂ ಮದ್ದಿರಲಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಫ್ಯಾಕ್ಟರ್ 8 ಸಾಕಷ್ಟು ಸಿಗಬೇಕಾದರೆ ಹೃದಯ ತಾಳಲಾರದಷ್ಟು ಪ್ಲಾಸ್ಮಾ ಏರಿಸಬೇಕಿತ್ತು. ಮಂಜುಗಡ್ಡೆಯಾಗಿಸಿದ ಪ್ಲಾಸ್ಮಾವನ್ನು ತಣ್ಣಗಿರುವಲ್ಲೇ ಮೆಲ್ಲಗೆ ಕರಗಿಸಿದಾಗ ತಳದಲ್ಲಿ ಒಂದಿಷ್ಟು ಗಸಿ ಉಳಿಯುವುದನ್ನು ಪೂಲ್ ಕಂಡರು. ಬೇಕಾದ ಫ್ಯಾಕ್ಟರ್ ಅದರಲ್ಲೇ ಕೂತಿತ್ತು! 1964ರಲ್ಲಿ ಅದು ಪ್ರಕಟವಾಯಿತು. ಕ್ರಯೋಪ್ರೆಸಿಪಿಟೇಟ್ ಎಂಬ ಆ ಗಸಿಯನ್ನು ಸಾಮಾನ್ಯ ರಕ್ತನಿಧಿಗಳೂ ತಯಾರಿಸಿಕೊಳ್ಳಬಹುದಿತ್ತು. ಈ ರೋಗದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಉಪಕಾರ ನನಗೆ ಕಾಣುವುದಿಲ್ಲ.

ಆಮೇಲೆ ಸಾವಿರಾರು ದಾನಿಗಳ ಪ್ಲಾಸ್ಮಾ ಬೆರೆಸಿ ಮಾಡಿದ ಪುಡಿಯ ಔಷಧಿ ಬಂತು. ಅದರೊಳಗೆ ಸೇರಿಕೊಂಡ ಎಚ್‌ಐವಿ 1980ರ ದಶಕದಲ್ಲಿ ಎಷ್ಟೋ ಮನೆಗಳ ದೀಪ ಆರಿಸಿತು. ಅದನ್ನು ನೆನೆದರೆ ಈಗಲೂ ಹೊಟ್ಟೆಯುರಿಯುತ್ತದೆ. ಇಂದಿನ ಔಷಧಿಗಳು ಸುರಕ್ಷಿತ. ವೆಲ್ಲೂರಿನಲ್ಲಿ ಜೀನ್ ಚಿಕಿತ್ಸೆಯ ಪ್ರಯೋಗವೂ ಫಲ ಕೊಟ್ಟಿದೆ. ನಮ್ಮ ದಾವಣಗೆರೆಯಲ್ಲಿ ಡಾ. ಸುರೇಶ್ ಹನಗವಾಡಿ, ಸ್ವತಃ ಈ ರೋಗದೊಂದಿಗೆ ಬೆಳೆದ ವೈದ್ಯರು, ರೋಗಿಗಳಿಗಾಗಿ ಸಂಸ್ಥೆಯನ್ನೇ ಕಟ್ಟಿದ್ದಾರೆ.

ಅಂಬೆಗಾಲಿಡುವ ಮಗುವಿನ ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ ಎದ್ದರೆ, ಮಂಡಿ ಊದಿದರೆ, ದಯವಿಟ್ಟು ಎಣ್ಣೆ ಹಚ್ಚಿ ನೀವಬೇಡಿ, ಉಳುಕು ತೆಗೆಸಲು ಹೋಗಬೇಡಿ. ಮೊದಲು ರಕ್ತ ಪರೀಕ್ಷೆ ಮಾಡಿಸಿ.